ಹಳದಿ ಕ್ಯಾಸೆಟ್ಟಿನ ಪದ

ತೊಂಬತ್ತರ ದಶಕದಲ್ಲಿ ಗುಂಡ್ಲುಪೇಟೆಯ ಊಟಿ ರಸ್ತೆಯ ಆಸುಪಾಸಿನಲ್ಲೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅದರ ಒಳಕೋಣೆಯಲ್ಲಿ ಎರಡು ಟಿವಿ. ಅರ್ಧ ಗಂಟೆಗೆ ಎರಡು ರೂಪಾಯಿ ಕೊಟ್ಟರೆ ವಿಡಿಯೋ ಗೇಮ್ ಆಡಲು ಬಿಡುತ್ತಿದ್ದರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಳದಿ ಬಣ್ಣದ ಕ್ಯಾಸೆಟ್ಟು, ಮೇಲೆ 9999 ಆಟ ಎಂದು ಅಚ್ಚು. ಒಳಗೆ ಹುಡುಕಿದರೆ ಹತ್ತೋ ಹದಿನೈದೋ ಆಟ, ಮಿಕ್ಕಿದ್ದೆಲ್ಲ ಅವೇ ಆಟಗಳು ಬೇರೆ ಬೇರೆ ಹೆಸರಿನಲ್ಲಿ. ಚಿತ್ರ ನಡುಗಿದರೆ ಕ್ಯಾಸೆಟ್ಟನ್ನು ಕಿತ್ತು, ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸಬೇಕು. ಊದುವುದರಿಂದ ಏನೂ ಪ್ರಯೋಜನವಿಲ್ಲ, ತೆಗೆದು ಹಾಕಿದ್ದರಿಂದಲೇ ಸರಿಹೋಗುತ್ತದೆ ಎಂದು ಆಮೇಲೆ ತಿಳಿಯಿತು. ಆದರೆ ನನ್ನ ಮಟ್ಟಿಗೆ ಊದುವುದೇ ಹೊಟ್ಟೆಪಾಡಾಯಿತು. ನಾನು ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವನು. ನೋಟೇಶನ್ ಓದಿ ಬರೆಯುವುದನ್ನು ಮೈಸೂರಿನಲ್ಲಿ ಕಲಿತೆ.

ಮುಂದೆ ಅಂಥದ್ದೇ ಒಂದು ಗೇಮ್ ಪೆಟ್ಟಿಗೆ ನಮ್ಮ ಮನೆಗೂ ಬಂತು. ಒಂದು ಸಂಜೆ ನಾನು ಮಾರಿಯೋ ಎಂಬ ಆಟ ಆಡುತ್ತಾ ಕೂತಿದ್ದೆ. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಅಂದಳು: “ಯಾಕ ಕೂಸು, ಆ ಪೆಟ್ಗ ಒಂದೇ ಪದವ ಹೇಳ್ಕಂಡು ಕೂತದ? ಮುಂದಕ್ಕ ಬರಲ್ವಾ ಅದ್ಕ?”

ನಮ್ಮ ಕಡೆ ಹಾಡಿಗೆ ಪದ ಎನ್ನುತ್ತಾರೆ. ಅಜ್ಜಿಯ ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದವರು ಜಪಾನಿನಲ್ಲಿ, ಜರ್ಮನಿಯಲ್ಲಿ, ಲಂಡನ್ನಿನಲ್ಲಿ ಇದ್ದಾರೆ. ಹಳೆಯ ವಿಡಿಯೋ ಗೇಮಿನ ಪುಟ್ಟ ಧಾಟಿಗಳನ್ನು ಎಂಬತ್ತು ತೊಂಬತ್ತು ಮಂದಿ ವಾದಕರ ಪೂರ್ಣ ಆರ್ಕೆಸ್ಟ್ರಾಕ್ಕೆ ಹೊಂದಿಸಿ ಬರೆಯುವುದು ಇವತ್ತು ದೊಡ್ಡ ಕಸುಬು. ಅದರ ಬಗ್ಗೆ ಒಂದಷ್ಟು ಮಾತಾಡಬೇಕೆಂದು ಬಂದಿದ್ದೇನೆ.

ಮೊದಲು ಆ ಪೆಟ್ಟಿಗೆಯ ಬಡತನ ಎಂಥದ್ದು ನೋಡಿ. ‘ಸೂಪರ್ ಮಾರಿಯೋ ಬ್ರದರ್ಸ್’ ಬಂದದ್ದು 1985ರಲ್ಲಿ. ಚಿತ್ರ, ಆಟ, ಹಾಡು ಎಲ್ಲ ಸೇರಿ ಅದರ ತೂಕ 40 ಕಿಲೋಬೈಟ್. ನಿಮ್ಮ ಮೊಬೈಲಿಗೆ ಬರುವ ಒಂದು ಶುಭೋದಯದ ಚಿತ್ರ ಇದಕ್ಕಿಂತ ಹೆಚ್ಚು ತೂಗುತ್ತದೆ. ಸಂಗೀತ ಕೊಟ್ಟವರು ಕೋಜಿ ಕೊಂಡೊ. 1961ರಲ್ಲಿ ಹುಟ್ಟಿದವರು, ನಿಂಟೆಂಡೊ ಸೇರಿ ಆಗ ಒಂದು ವರ್ಷವಾಗಿತ್ತು. ಅವರ ಕೈಗೆ ಸಿಕ್ಕ ಚಿಪ್ಪಿನಲ್ಲಿ ಇದ್ದದ್ದು ಐದು ದನಿ. ಎರಡು ಚೌಕ ಅಲೆಯವು. ಅವುಗಳ ಬಣ್ಣ ಬದಲಿಸಲು ನಾಲ್ಕು ಆಯ್ಕೆ ಇದ್ದರೂ ಎರಡು ಒಂದೇ ಥರ ಕೇಳುವುದರಿಂದ ಕಿವಿಗೆ ಮೂರೇ ಬಣ್ಣ. ಮೂರನೆಯದು ತ್ರಿಕೋನ ಅಲೆ. ಮೆತ್ತಗಿನ ದನಿ, ಆದರೆ ಅದಕ್ಕೆ ಏರಿಳಿತವೇ ಇಲ್ಲ, ನುಡಿದರೆ ಪೂರ್ತಿ ನುಡಿಯಬೇಕು, ಇಲ್ಲವೆಂದರೆ ಸುಮ್ಮನಿರಬೇಕು. ನಾಲ್ಕನೆಯದು ಬರೀ ಮೊರೆತ. ಸ್ವರವಿಲ್ಲದ ಈ ಶ್ಶ್ ಸದ್ದನ್ನು ಕತ್ತರಿಸಿ ಕತ್ತರಿಸಿ ತಾಳ ಮಾಡಿಕೊಳ್ಳಬೇಕು. ಐದನೆಯದು ಮುದ್ರಿಸಿದ ಸಣ್ಣ ತುಣುಕುಗಳನ್ನು ನುಡಿಸುವಂಥದ್ದು. ಮಾರಿಯೋದ ಹಾಡು ನಿಂತಿರುವುದು ಮೊದಲ ನಾಲ್ಕರ ಮೇಲೆಯೇ.

ಆ ನಾಲ್ಕೂ ಪೂರ್ತಿ ಹಾಡಿನವಲ್ಲ. ಮಾರಿಯೋ ನೆಗೆದರೆ ಒಂದು ಸದ್ದು, ನಾಣ್ಯ ಸಿಕ್ಕರೆ ಇನ್ನೊಂದು ಸದ್ದು ಬರಬೇಕಲ್ಲ, ಅದಕ್ಕೆ ಬೇರೆ ದನಿ ಎಲ್ಲಿದೆ? ಹಾಡುತ್ತಿರುವ ಒಂದು ದನಿಯೇ ಆ ಕ್ಷಣ ಹಾಡು ಬಿಟ್ಟು ಆ ಕೆಲಸ ಮುಗಿಸಿ ಬರುತ್ತದೆ. ಹಸೆಮಣೆಯ ಹತ್ತಿರ ಸೋಬಾನೆ ಹೇಳುತ್ತಿರುವ ಹೆಂಗಸು ನಡುವೆ ಎದ್ದು ಹೋಗಿ ಒಲೆ ಮೇಲಿನ ಹಾಲು ಇಳಿಸಿ ಬಂದ ಹಾಗೆ. ಉಳಿದವರು ಹೇಳುತ್ತಲೇ ಇರುತ್ತಾರೆ, ಪದ ನಿಲ್ಲುವುದಿಲ್ಲ. ಒಂದು ದನಿ ಕಳಚಿದರೂ ಕುಸಿಯದ ಹಾಗೆ ಧಾಟಿ ಕಟ್ಟಬೇಕು. ಕೊಂಡೊ ಕಟ್ಟಿದರು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಈ ಧಾಟಿಯನ್ನು ಸೇರಿಸಿಕೊಂಡಿತು. ವಿಡಿಯೋ ಗೇಮಿನ ಸಂಗೀತ ಆ ಪಟ್ಟಿಗೆ ಸೇರಿದ್ದು ಅದೇ ಮೊದಲು.

ಇದನ್ನೆಲ್ಲ ಓದಿ ತಿಳಿದುಕೊಳ್ಳುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಜಪಾನ್ ಅಲ್ಲ, ಚಿಕ್ಕಲ್ಲೂರು ಜಾತ್ರೆ. ಅಲ್ಲಿ ಹಾಡುವ ನೀಲಗಾರರ ಮೇಳವನ್ನು ನೀವು ಕೇಳಿರಬಹುದು. ಮಂಟೇಸ್ವಾಮಿಯ ಕತೆ ಹೇಳಲು ಕೂರುವವರು ನಾಲ್ಕೈದು ಜನ. ಒಂದು ತಂಬೂರಿ, ಒಂದು ಗಗ್ಗರ, ದಮ್ಮಡಿ, ತಾಳ, ಮುಂದೆ ಕತೆ ಹೇಳುವ ಮುಮ್ಮೇಳದವನು, ಹಿಂದೆ ಸೊಲ್ಲು ಎತ್ತಿಕೊಳ್ಳುವ ಹಿಮ್ಮೇಳ. ಮಲೆ ಮಾದಪ್ಪನ ಕತೆ ಹಾಡುವ ದೇವರಗುಡ್ಡರ ಕೈಯಲ್ಲಾದರೆ ಕಂಸಾಳೆ: ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಇಷ್ಟರಲ್ಲೇ ಇಡೀ ರಾತ್ರಿ ಕಳೆಯುತ್ತದೆ. ಮುಮ್ಮೇಳದವನು ಉಸಿರು ತೆಗೆದುಕೊಳ್ಳಲು ನಿಂತರೆ ಹಿಮ್ಮೇಳ ಹಿಡಿದುಕೊಳ್ಳುತ್ತದೆ. ತಂಬೂರಿಗೂ ಏರಿಳಿತವಿಲ್ಲ, ಕಂಸಾಳೆಗೂ ಸ್ವರವಿಲ್ಲ. ಕೊಂಡೊನ ನಾಲ್ಕು ದನಿಗೂ ಈ ಮೇಳಕ್ಕೂ ಏನೂ ಸಂಬಂಧವಿಲ್ಲ, ನಿಜ. ಆದರೆ ಇರುವ ನಾಲ್ಕರಲ್ಲೇ ರಾತ್ರಿ ಬೆಳಗು ಮಾಡುವ ಜಾಣತನ ಎರಡು ಕಡೆಯೂ ಒಂದೇ. ಅದನ್ನು ಕಾಣದವನು ಈ ಧಾಟಿಗಳನ್ನು ಆರ್ಕೆಸ್ಟ್ರಾಕ್ಕೆ ಬರೆಯಲು ಕೂರಬಾರದು ಎಂಬುದು ನನ್ನ ಹಟ.

ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಗೊತ್ತಾಯಿತು. ಜಪಾನಿನ ಟಿವಿ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಿಸುತ್ತಿತ್ತು, ನಮ್ಮ ದೇಶದ ಟಿವಿ ಐವತ್ತು ಸಲ. ಆಟದ ಸಂಗೀತ ಓಡುವುದು ಆ ಲೆಕ್ಕದ ಮೇಲೆಯೇ. ಹಾಗಾಗಿ ನಮ್ಮ ಟಿವಿಗೆ ಹೊಂದುವಂತೆ ಮಾಡಿದ ನಕಲಿ ಪೆಟ್ಟಿಗೆಗಳಲ್ಲಿ ಹಾಡಿನ ಓಟ ಆರರಲ್ಲಿ ಒಂದು ಭಾಗ ಕಡಿಮೆ, ಶ್ರುತಿ ಮಾತ್ರ ಹೆಚ್ಚುಕಡಿಮೆ ಅದೇ. ಅಂದರೆ ಟೋಕಿಯೋದ ಹುಡುಗ ಕೇಳಿದ ಮಾರಿಯೋ ದುಡುದುಡು ಓಡುವವನು, ಗುಂಡ್ಲುಪೇಟೆಯ ಮಾರಿಯೋ ಸ್ವಲ್ಪ ಸಾವಧಾನದವನು. ಈಗ ನಾನು ಅದೇ ಧಾಟಿಯನ್ನು ಬರೆಯಬೇಕಾದರೆ ಯಾವ ಲಯಕ್ಕೆ ಬರೆಯಲಿ? ಕಾಗದ ಹೇಳುವುದು ಒಂದು, ನನ್ನ ಕಿವಿ ಹೇಳುವುದು ಇನ್ನೊಂದು. ನಾನು ಕಿವಿಯ ಮಾತು ಕೇಳುತ್ತೇನೆ. ಸಂಗೀತದ ವಿದ್ವಾಂಸರು ಬೈಯಲಿ ಪರವಾಗಿಲ್ಲ.

ಒಮ್ಮೆ ಬರೆದೂ ಬಿಟ್ಟೆ. ಚಾಮರಾಜನಗರದ ಕಡೆಯ ಒಂದು ಮದುವೆ. ಮದುಮಗ ನನ್ನ ಜೊತೆ ಆ ಒಳಕೋಣೆಯಲ್ಲಿ ಆಡಿದವನೇ. “ಮೆರವಣಿಗೆಲಿ ಮಾರಿಯೋ ಬಾರ್ಸಬೇಕು ಕನಪ್ಪಾ” ಎಂದು ಹಟ ಹಿಡಿದ. ನಮ್ಮ ಬ್ಯಾಂಡ್‌ಸೆಟ್ಟಿನಲ್ಲಿ ಇದ್ದದ್ದು ಮೂರು ಕ್ಲಾರಿನೆಟ್, ಎರಡು ಟ್ರಂಪೆಟ್, ಒಂದು ಯುಫೋನಿಯಂ, ಸೈಡ್ ಡ್ರಮ್ಮು, ದೊಡ್ಡ ಡ್ರಮ್ಮು, ಗಿಲಕಿ. ಮೂರು ರಾತ್ರಿ ಕೂತು ಬರೆದೆ. ಮೆರವಣಿಗೆ ಹೊರಟಿತು, ಮಕ್ಕಳೆಲ್ಲ ಕುಣಿದರು, ಮದುಮಗ ಕುದುರೆಯ ಮೇಲೇ ಕೈ ಎತ್ತಿದ. ಎರಡು ಸುತ್ತು ಆಯಿತು, ಮೂರಾಯಿತು, ಐದಾಯಿತು. ನನ್ನ ತುಟಿ ಸೋತಿತು. ಪಕ್ಕದಲ್ಲಿದ್ದ ಬ್ಯಾಂಡ್ ಮಾಸ್ಟ್ರು ಟ್ರಂಪೆಟ್ ಇಳಿಸಿ ಕೂಗಿದರು: “ಏನ್ಲಾ ಇದು, ಇದ್ಕ ಕೊನೆನೇ ಇಲ್ವಲ್ಲ! ಎಲ್ಗ ನಿಲ್ಸದು?” ನಾನು ಕೊನೆ ಬರೆದಿರಲಿಲ್ಲ. ಆಟದ ಹಾಡಿಗೆ ಕೊನೆ ಇರುವುದಿಲ್ಲ, ತುದಿ ತಲುಪಿದ ಕೂಡಲೇ ಬುಡಕ್ಕೆ ಹಾರುತ್ತದೆ. ಛತ್ರದ ಬಾಗಿಲು ಬಂದರೂ ನಾವು ಬಾರಿಸುತ್ತಲೇ ಇದ್ದೆವು. ಕೊನೆಗೆ ಒಳಗಿನಿಂದ ವಾಲಗದವರು ಗಟ್ಟಿಮೇಳ ಎತ್ತಿ ನಮ್ಮ ಮಾನ ಉಳಿಸಿದರು.

ನನ್ನ ಅಜ್ಜಿ ಕೇಳಿದ್ದೂ ಅದನ್ನೇ, ಮಾಸ್ಟ್ರು ಕೇಳಿದ್ದೂ ಅದನ್ನೇ. ಈ ಕಸುಬಿನ ಮೊದಲ ತೊಡಕೇ ಅದು.

ಪುಟ್ಟ ಧಾಟಿಯನ್ನು ದೊಡ್ಡ ಮೇಳಕ್ಕೆ ಏರಿಸುವ ಈ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ದಸರೆಯಲ್ಲಿ ಮೈಸೂರು ಅರಮನೆಯ ಮುಂದೆ ಪೊಲೀಸ್ ಬ್ಯಾಂಡು ನುಡಿಸುವುದನ್ನು ನೋಡಿದವರಿಗೆ ಗೊತ್ತು, ಅಲ್ಲಿ ಇಂಗ್ಲಿಷ್ ಬ್ಯಾಂಡ್ ಬೇರೆ, ಕರ್ನಾಟಕ ಬ್ಯಾಂಡ್ ಬೇರೆ. ಕೃತಿ ಎಂದರೆ ಒಂದೇ ಗೆರೆಯ ಸಂಗೀತ, ಒಬ್ಬ ಹಾಡುಗಾರ, ಪಕ್ಕಕ್ಕೆ ಪಿಟೀಲು, ಮೃದಂಗ. ಅದನ್ನು ಹತ್ತಾರು ಊದುವ ವಾದ್ಯಗಳಿಗೆ ಹಂಚಿದವರು ಅರಮನೆಯ ಬ್ಯಾಂಡಿನವರು. ಗಮಕ ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು, ಯಾವ ಸಾಲು ಎಲ್ಲರೂ ಸೇರಿ, ಯಾವುದು ಒಬ್ಬರೇ ಎಂದು ತಲೆ ಕೆಡಿಸಿಕೊಂಡವರು. ಬಸವಪ್ಪ ಶಾಸ್ತ್ರಿಗಳ ‘ಕಾಯೌ ಶ್ರೀ ಗೌರಿ’ ಮೈಸೂರು ಸಂಸ್ಥಾನದ ಗೀತೆಯಾಗಿ ಮೊಳಗಿದ್ದು ಇಂಥ ಮೇಳಗಳಲ್ಲೇ. ಇದರ ಉಲ್ಟಾ ದಾರಿಯನ್ನು ಮುತ್ತುಸ್ವಾಮಿ ದೀಕ್ಷಿತರು ಅದಕ್ಕೂ ಮುಂಚೆ ತುಳಿದಿದ್ದರು. ಇಂಗ್ಲಿಷ್ ಬ್ಯಾಂಡಿನ ಧಾಟಿಗಳನ್ನು ಕೇಳಿ ಅವಕ್ಕೆ ಸಂಸ್ಕೃತದ ಸಾಹಿತ್ಯ ಹೊಂದಿಸಿದರು, ನೋಟುಸ್ವರ ಎಂದರೆ ಅವೇ. ದೊಡ್ಡ ಬ್ಯಾಂಡಿನ ಧಾಟಿ ಒಂದು ಕೊರಳಿಗೆ ಇಳಿದದ್ದು ಹಾಗೆ.

ದಕ್ಷಿಣ ಕನ್ನಡದ ನಾಗಸ್ವರದ ಮನೆತನದ ಹುಡುಗನೊಬ್ಬ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ. ಅವನೇ ಕದ್ರಿ ಗೋಪಾಲನಾಥ್. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ನಡೆಸುವ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಅವರು ನುಡಿಸಿದರು.

ಆ ಹಾಲ್‌ನ ಹೆಸರು ನೆನಪಿಟ್ಟುಕೊಳ್ಳಿ. ಮೈಸೂರಿಗೂ ಅದಕ್ಕೂ ಅದಕ್ಕಿಂತ ಹಳೆಯ ನಂಟಿದೆ. ಮೈಸೂರು ಒಡೆಯರ ವಂಶದ ಕೊನೆಯ ದೊರೆ ಜಯಚಾಮರಾಜೇಂದ್ರ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ ವಾಗ್ಗೇಯಕಾರರು. ಜೊತೆಗೆ ಪಾಶ್ಚಾತ್ಯ ಸಂಗೀತದ ಹುಚ್ಚು ಬೇರೆ. ಲಂಡನ್ನಿನಲ್ಲಿ 1945ರಲ್ಲಿ ಹುಟ್ಟಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಹಣವಿಲ್ಲದೆ ಒದ್ದಾಡುತ್ತಿದ್ದಾಗ ಕೈ ಹಿಡಿದವರು ಅವರು. ರಿಚರ್ಡ್ ಸ್ಟ್ರಾಸ್ ತನ್ನ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದು 1950ರ ಮೇ 22ರಂದು, ಅದೇ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ, ಅದನ್ನು ನಡೆಸಿದ್ದು ಫುರ್ಟ್‌ವೆಂಗ್ಲರ್, ಹಣದ ಜಾಮೀನು ನಿಂತದ್ದು ನಮ್ಮ ಮೈಸೂರಿನ ಮಹಾರಾಜರು.

ಅದೇ ಹಾಲ್, ಗೋಪಾಲನಾಥರು ನುಡಿಸಿದ ಅದೇ ಪ್ರಾಮ್ಸ್. 2022ರ ಆಗಸ್ಟ್ 1ರ ರಾತ್ರಿ ರಾಬರ್ಟ್ ಏಮ್ಸ್ ನಡೆಸಿದ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಪೂರ್ತಿ ಕಛೇರಿ ನುಡಿಸಿದ್ದು ವಿಡಿಯೋ ಗೇಮಿನ ಸಂಗೀತವನ್ನು. ಸ್ಟ್ರಾಸ್ ಹಾಡಿನ ರಾತ್ರಿಯಿಂದ ಈ ರಾತ್ರಿಗೆ 72 ವರ್ಷ.

ಗೇಮ್ ಸಂಗೀತವನ್ನು ಕಛೇರಿಗೆ ತರುವುದನ್ನು ಮೊದಲು ಮಾಡಿ ತೋರಿಸಿದವರು ಜಪಾನಿನ ಕೋಯಿಚಿ ಸುಗಿಯಾಮ. 1931ರಲ್ಲಿ ಹುಟ್ಟಿದವರು. ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟ 1986ರಲ್ಲಿ ಬಂದಾಗ ಅವರಿಗೆ 55 ವರ್ಷ, ಟಿವಿ ಮತ್ತು ಜಾಹೀರಾತುಗಳಿಗೆ ಸಂಗೀತ ಕೊಟ್ಟು ಪಳಗಿದ ಕೈ. ಚಿಪ್ಪಿಗೆ ಬರೆಯುವಾಗಲೇ ಅವರ ತಲೆಯಲ್ಲಿ ಆರ್ಕೆಸ್ಟ್ರಾ ಇತ್ತು. ಮರುವರ್ಷವೇ, 1987ರಲ್ಲಿ, ಟೋಕಿಯೋದ ಸಂಟೋರಿ ಹಾಲ್‌ನಲ್ಲಿ ಆ ಸಂಗೀತದ ಕಛೇರಿ ಆಯಿತು. ಪಿಟೀಲು ಹಿಡಿದ ದೊಡ್ಡವರ ಎದುರು ಆಟ ಆಡುವ ಚಿಕ್ಕಮಕ್ಕಳು ಕೂತು ಕೇಳಿದರು. ಜಪಾನಿನ ಹೊರಗೆ ಇಂಥದ್ದು ನಡೆಯಲು ಮತ್ತೆ ಹದಿನಾರು ವರ್ಷ ಬೇಕಾಯಿತು. 2003ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ, ಗೆವಾಂಡ್‌ಹೌಸ್ ಎಂಬ ಹೆಸರಾಂತ ಸಭಾಂಗಣದಲ್ಲಿ. 2005ರಲ್ಲಿ ಅಮೆರಿಕದ ಹಾಲಿವುಡ್ ಬೌಲ್. 2011ರಲ್ಲಿ ಲಂಡನ್ ಫಿಲ್‌ಹಾರ್ಮೋನಿಕ್ ಒಂದು ಆಲ್ಬಂ ತಂದಿತು, ಹೊಂದಿಸಿದವರು ಆಂಡ್ರ್ಯೂ ಸ್ಕೀಟ್. 2021ರ ಜುಲೈನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ದೇಶದೇಶಗಳ ಆಟಗಾರರು ನಡೆದು ಬಂದದ್ದು ಸುಗಿಯಾಮನ ಡ್ರ್ಯಾಗನ್ ಕ್ವೆಸ್ಟ್ ಧಾಟಿಯಿಂದ ಶುರುವಾದ ಗೇಮ್ ಸಂಗೀತಕ್ಕೆ. ನಮ್ಮವರು ತ್ರಿವರ್ಣ ಹಿಡಿದು ಬಂದದ್ದೂ ಆ ಮೆರವಣಿಗೆಯಲ್ಲೇ. ಅದಾಗಿ ಎರಡು ತಿಂಗಳಿಗೆ ಸುಗಿಯಾಮ ತೀರಿಕೊಂಡರು.

ಇನ್ನು ಹೊಂದಿಸುವ ಕೆಲಸಕ್ಕೆ ಬರೋಣ. ಮೂರು ರಾತ್ರಿ ನಿದ್ದೆಗೆಟ್ಟವನಿಗೆ ಇದರ ಬಗ್ಗೆ ಮಾತಾಡಲು ಒಂದಿಷ್ಟು ಹಕ್ಕಿದೆ.

ಚಿಪ್ಪಿನ ಚೌಕ ಅಲೆಯಲ್ಲಿ ಎರಡೂ ಬದಿ ಸಮವಾಗಿದ್ದರೆ ಅದರೊಳಗೆ ಬೆಸ ಸಂಖ್ಯೆಯ ಉಪಸ್ವರಗಳು ಮಾತ್ರ ಇರುತ್ತವೆ. ಕ್ಲಾರಿನೆಟ್ಟಿನ ಕೆಳಗಿನ ಸ್ವರಗಳಲ್ಲೂ ಬೆಸ ಉಪಸ್ವರಗಳದೇ ಜೋರು. ಹಾಗಾಗಿ ಆ ದನಿ ನನ್ನ ವಾದ್ಯಕ್ಕೆ ಸೋದರಸಂಬಂಧಿ. ಚಿಕ್ಕವನಾಗಿದ್ದಾಗ ಆ ಪೆಟ್ಟಿಗೆಯಲ್ಲಿ ಕೇಳಿದ್ದೂ ಮುಂದೆ ನಾನು ಕೈಗೆತ್ತಿಕೊಂಡದ್ದೂ ಒಂದೇ ಜಾತಿಯ ದನಿ ಎಂದು ತಿಳಿದ ದಿನ ಸುಮ್ಮನೆ ನಗು ಬಂತು. ಅಲೆಯ ಅಗಲ ಕಿರಿದಾದರೆ ದನಿ ಮೂಗಿನದಾಗುತ್ತದೆ. ಆಗ ಓಬೋಗೋ, ಬಾಯಿ ಮುಚ್ಚಿದ ಟ್ರಂಪೆಟ್‌ಗೋ ಕೊಡಬೇಕು. ತ್ರಿಕೋನ ಅಲೆಯ ತಳದ ಸ್ವರಗಳನ್ನು ಸೆಲ್ಲೋಗಳು ಬೆರಳಲ್ಲಿ ಮೀಟಿದರೆ ಚೆಂದ, ಜೊತೆಗೆ ಬಸೂನು ಇದ್ದರೆ ಇನ್ನೂ ಚೆಂದ. ಕಮಾನು ಹಾಕಿ ಎಳೆದರೆ ಕೆಟ್ಟಿತು, ನೆಗೆಯುವ ಮಾರಿಯೋ ಕೆಸರಲ್ಲಿ ನಡೆದ ಹಾಗಾಗುತ್ತದೆ. ಮೊರೆತದ ದನಿಗೆ ಎಲ್ಲರೂ ಸೈಡ್ ಡ್ರಮ್ಮು ಬರೆಯುತ್ತಾರೆ. ನನಗೆ ಬಿಟ್ಟರೆ ಕಂಸಾಳೆ ಬರೆಯುತ್ತೇನೆ. ತಾಳದ ಅಂಚು ಬಟ್ಟಲಿಗೆ ಉಜ್ಜಿ ಬಿಟ್ಟಾಗ ಬರುವ ಸದ್ದಿಗೂ ಅದಕ್ಕೂ ಹತ್ತಿರದ ಹೋಲಿಕೆ ಇದೆ.

ಚಿಪ್ಪಿಗೆ ಉಸಿರಿಲ್ಲ. ಇದು ಊದುವವನಿಗೆ ಮೊದಲು ತಟ್ಟುವ ಸತ್ಯ. ಎರಡು ನಿಮಿಷ ಬಿಡುವಿಲ್ಲದೆ ಓಡುವ ಧಾಟಿಯನ್ನು ಹಾಗೇ ತಂದು ಕ್ಲಾರಿನೆಟ್ಟಿನವನ ಮುಂದಿಟ್ಟರೆ ಅವನು ಕಣ್ಣು ಮೇಲೆ ಮಾಡುತ್ತಾನೆ. ನೀಲಗಾರರು ಮಾಡುವ ಹಾಗೆ ಅರ್ಧ ಒಬ್ಬರಿಗೆ, ಅರ್ಧ ಇನ್ನೊಬ್ಬರಿಗೆ ಹಂಚಬೇಕು. ಕೊಳಲಿನಿಂದ ಕ್ಲಾರಿನೆಟ್ಟಿಗೆ, ಅಲ್ಲಿಂದ ಪಿಟೀಲಿಗೆ, ಕೇಳುವವರಿಗೆ ಬೆಸುಗೆ ಕಾಣದಂತೆ. ಒಂದೊಂದು ವಾದ್ಯಕ್ಕೂ ಒಂದೊಂದು ಕಟ್ಟಳೆ ಬೇರೆ. ಕ್ಲಾರಿನೆಟ್ಟಿಗೆ ಬರೆಯುವಾಗ ಇಡೀ ಒಂದು ಸ್ವರ ಮೇಲಕ್ಕೆ ಬರೆಯಬೇಕು, ಫ್ರೆಂಚ್ ಹಾರ್ನ್‌ಗೆ ಪಂಚಮದಷ್ಟು ಮೇಲಕ್ಕೆ. ಮರೆತರೆ ಅಭ್ಯಾಸದ ದಿನ ತೊಂಬತ್ತು ಮಂದಿಯ ಎದುರು ಮಾನ ಹೋಗುತ್ತದೆ.

ಹಳೆಯ ಆಟಗಳಲ್ಲಿ ಇನ್ನೊಂದು ಉಪಾಯ ಉಂಟು. ಮೂರು ಸ್ವರ ಒಟ್ಟಿಗೆ ಬೇಕು, ಇರುವುದು ಒಂದೇ ದನಿ. ಆಗ ಆ ಒಂದೇ ದನಿ ಮೂರು ಸ್ವರಗಳ ನಡುವೆ ಕಣ್ಣು ಮಿಟುಕಿಸುವುದರೊಳಗೆ ಸುತ್ತು ಹಾಕುತ್ತದೆ. ಕಿವಿ ಮೋಸಹೋಗಿ ಮೂರೂ ಒಟ್ಟಿಗಿವೆ ಎಂದುಕೊಳ್ಳುತ್ತದೆ. ಜಾತ್ರೆಯಲ್ಲಿ ಹುಡುಗರು ಬೆಂಕಿ ಕೊಳ್ಳಿ ತಿರುಗಿಸಿದರೆ ಬಳೆ ಕಾಣುವುದಿಲ್ಲವೇ, ಹಾಗೆ. ಆರ್ಕೆಸ್ಟ್ರಾದಲ್ಲಿ ನಾಲ್ಕು ಹಾರ್ನ್ ಇದ್ದಾವೆ, ಮೂರು ಸ್ವರ ಮೂವರಿಗೆ ಕೊಟ್ಟು ಕೈ ತೊಳೆದುಕೊಳ್ಳಬಹುದು. ಬಹಳ ಮಂದಿ ಹಾಗೇ ಮಾಡುತ್ತಾರೆ. ಸ್ವರ ಉಳಿಯಿತು, ನಡುಕ ಹೋಯಿತು. ಆ ನಡುಕವೇ ಆ ಧಾಟಿಯ ಜೀವ. ಪಿಟೀಲಿನವರ ಕಮಾನು ನಡುಗಿಸಿ, ಮರದ ಪಟ್ಟಿಯ ವಾದ್ಯಗಳಲ್ಲಿ ಕೋಲು ಆಡಿಸಿ ಅದನ್ನು ಮರಳಿ ತರಬೇಕು.

ಮಾರುಕಟ್ಟೆಯಲ್ಲಿ ಸಿಗುವ ಇಂಥ ಸಂಗೀತದಲ್ಲಿ ಅರ್ಧಕ್ಕರ್ಧ ನನಗೆ ಹಿಡಿಸುವುದಿಲ್ಲ. ಎಂಬತ್ತು ಜನ ಇದ್ದಾರೆಂದು ಎಂಬತ್ತು ಜನರಿಗೂ ಸದಾ ಕೆಲಸ ಕೊಡುತ್ತಾರೆ. ಹಿಂದೆ ನೂರು ಜನ ಆಆ ಎಂದು ರಾಗ ಎಳೆಯುವವರು, ಮುಂದೆ ಯುದ್ಧಕ್ಕೆ ಹೊರಟಂಥ ನಗಾರಿ. ಧಾಟಿ ಎಲ್ಲಿದೆಯೆಂದು ಹುಡುಕಬೇಕು. ರಾಗಿಮುದ್ದೆಯ ಮೇಲೆ ಗೋಡಂಬಿ ಉದುರಿಸಿದ ಹಾಗೆ. ಚೆನ್ನಾಗಿ ಮಾಡಿದವರೂ ಇದ್ದಾರೆ. ಸುಗಿಯಾಮ ಆಟದೊಳಗಿನ ಅರಮನೆಗೆ ಬರೆದ ಕೆಲವು ಧಾಟಿಗಳಲ್ಲಿ ಬರೀ ತಂತಿವಾದ್ಯಗಳು, ಎರಡು ದನಿ ಒಂದರ ಹಿಂದೊಂದು ನಡೆಯುವುದು ಚಿಪ್ಪಿನಲ್ಲಿ ಇದ್ದಷ್ಟೇ ಸ್ಪಷ್ಟ. ನ್ಯೂಯಾರ್ಕಿನ ‘8-ಬಿಟ್ ಬಿಗ್ ಬ್ಯಾಂಡ್’ ತಂಡದವರದು ಆರ್ಕೆಸ್ಟ್ರಾ ಅಲ್ಲ, ಜಾಝ್ ಮೇಳ. ಆದರೂ 2022ರ ಗ್ರ್ಯಾಮಿಯಲ್ಲಿ ಅವರ ಒಂದು ಹೊಂದಿಕೆಗೆ ಬಹುಮಾನ ಬಂದದ್ದು ಸುಮ್ಮನೆ ಅಲ್ಲ. ತುಂಬುವ ಮೊದಲು ಧಾಟಿಯ ಎಲುಬು ಎಲ್ಲೆಲ್ಲಿದೆ ಎಂದು ಮುಟ್ಟಿ ನೋಡಿದವರು ಅವರು.

ನಮ್ಮ ಸಿನಿಮಾದವರು ಈ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. ಜಿ.ಕೆ. ವೆಂಕಟೇಶ್, ಮೈಸೂರಿನವರೇ ಆದ ರಾಜನ್-ನಾಗೇಂದ್ರ, ಇವರ ಹಾಡುಗಳಲ್ಲಿ ಪಿಟೀಲುಗಳ ಸಾಲು ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬ ತೂಕ ನೋಡಿ. ಇಳಯರಾಜ ಕೂಡ ಮೊದಲು ವೆಂಕಟೇಶರ ಸಹಾಯಕರಾಗಿ ಕನ್ನಡದ ಹಾಡುಗಳಿಗೆ ದುಡಿದವರು. ನಮ್ಮ ಗಡಿಯಾಚೆಯ ಗಾಜನೂರಿನಲ್ಲಿ ಹುಟ್ಟಿದ ರಾಜಕುಮಾರರ ಕೊರಳಿಗೆ ಆ ಮೇಳ ಎಷ್ಟು ದೂರ ಸರಿದು ನಿಲ್ಲುತ್ತಿತ್ತು ಎಂಬುದನ್ನೂ ಕೇಳಿ. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಮಾದಪ್ಪನ ‘ಕೋಲುಮಂಡೆ’ ಪದವನ್ನು ಸಿನಿಮಾದ ಮೇಳಕ್ಕೆ ತಂದರು, ಎಲ್.ಎನ್. ಶಾಸ್ತ್ರಿ ಹಾಡಿದರು. ಅಜ್ಜಿ ಅದನ್ನು ರೇಡಿಯೋದಲ್ಲಿ ಕೇಳಿ, “ನಮ್ಮ ಪದವೇ, ಹೊಸ ಬಟ್ಟ ಹಾಕವ್ರ” ಅಂದಿದ್ದಳು. ಅಷ್ಟು ಒಳ್ಳೆಯ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಜನಪದಕ್ಕೆ ಹೊಸ ಬಟ್ಟೆ ಎಂದಾಗ ಇನ್ನೊಂದು ನೆನಪಾಯಿತು. ಆಷಾಢದಲ್ಲಿ ಚಾಮರಾಜನಗರದ ಚಾಮರಾಜೇಶ್ವರನ ತೇರಿಗೆ ಹೊಸ ಮದುಮಕ್ಕಳು ಹಣ್ಣು-ಜವನ ಎಸೆಯಲು ಬರುತ್ತಾರಲ್ಲ, ಆ ಜಾತ್ರೆಯ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಬ್ರಿಕ್ ಗೇಮ್ ರಾಶಿ ಹಾಕಿರುತ್ತಿದ್ದರು. ಮೇಲಿನಿಂದ ಇಟ್ಟಿಗೆ ಬೀಳುತ್ತದೆ, ಜೋಡಿಸಬೇಕು. ಅದು ರಷ್ಯದ ಟೆಟ್ರಿಸ್ ಆಟದ ಬಡ ನೆಂಟ. ಟೆಟ್ರಿಸ್ 1989ರಲ್ಲಿ ಗೇಮ್ ಬಾಯ್ ಎಂಬ ಕೈಪೆಟ್ಟಿಗೆಗೆ ಬಂದಾಗ ಹಿರೊಕಾಜು ತನಾಕ ಅದಕ್ಕೆ ಹೊಂದಿಸಿದ್ದು ರಷ್ಯದ ಒಂದು ಜನಪದ ಧಾಟಿ. ಮೂಲದಲ್ಲಿ ಅದು ಊರೂರು ತಿರುಗಿ ಬಟ್ಟೆಬರೆ ಮಾರುವವರ ಹಾಡು, ಅದರ ಸಾಹಿತ್ಯ 1861ರ ನೆಕ್ರಾಸೊವ್ ಕವಿತೆಯದು. ಬಟ್ಟೆ ಗಂಟು ಹೊತ್ತವರ ಪದ ಮೊದಲು ಪುಟ್ಟ ಚಿಪ್ಪಿನೊಳಗೆ ಇಳಿಯಿತು, ಅಲ್ಲಿಂದ ಎದ್ದು ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳ ಕೈಗೆ ಹೋಯಿತು. ಈಗ ನಮ್ಮವರೂ ಆಟ ಕಟ್ಟುತ್ತಾರೆ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಶುರುವಾದದ್ದು 1997ರಲ್ಲಿ. ಅಂದಿನಿಂದ ಎಷ್ಟೋ ಕಂಪನಿಗಳು ಬಂದಿವೆ. ಅಲ್ಲಿ ಕೂತು ಆಟ ಕಟ್ಟುವ ನಮ್ಮ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ: ಕಾಡಿನ ಆಟ ಮಾಡುವಾಗ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡಿಗೂ, ಬೆಟ್ಟ ಹತ್ತುವ ಆಟ ಮಾಡುವಾಗ ಕಂಸಾಳೆಗೂ ಒಮ್ಮೆ ಕಿವಿಗೊಡಿ. ಹಾಡಿದವರ ಹೆಸರು ಹಾಕಿ, ಅವರಿಗೆ ಸಲ್ಲಬೇಕಾದ ಹಣ ಕೊಡಿ.

ಕೊನೆಯ ಮಾತು ಕೊನೆಯ ಬಗ್ಗೆಯೇ. ಸುತ್ತುತ್ತಲೇ ಇರುವ ಧಾಟಿಯನ್ನು ನಿಲ್ಲಿಸುವುದು ಹೇಗೆ? ಬಹಳಷ್ಟು ಜನ ಲಯ ನಿಧಾನ ಮಾಡಿ, ಎಲ್ಲ ವಾದ್ಯ ಸೇರಿಸಿ ಢಂ ಎಂದು ಮುಗಿಸುತ್ತಾರೆ. ಕೆಲವರು ಆಟ ಗೆದ್ದಾಗ ಬರುವ ಪುಟ್ಟ ಧಾಟಿಯನ್ನು ತಂದು ಅಂಟಿಸುತ್ತಾರೆ. ಮಾದಪ್ಪನ ಕತೆ ಹೇಳುವವರು ಬೇರೆ ದಾರಿ ಹಿಡಿಯುತ್ತಾರೆ. ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಕತೆ ಸಾಲುಸಾಲಾಗಿ ಇರುತ್ತದೆ. ಒಂದು ಸಾಲು ತೀರಿದಾಗ ಮಾದಪ್ಪನನ್ನು ಕೂಗಿ ಕೈ ನಿಲ್ಲಿಸುತ್ತಾರೆ, ಕತೆ ಮುಗಿದಿರುವುದಿಲ್ಲ. ಮದುವೆ ಮನೆಗೆ ನಾನು ಈಗ ಬರೆದಿಟ್ಟುಕೊಂಡಿರುವ ಮಾರಿಯೋ ಹಾಗೆಯೇ ನಿಲ್ಲುತ್ತದೆ: ಮೂರು ಸುತ್ತು, ಆಮೇಲೆ ಕ್ಲಾರಿನೆಟ್ ಬಿಡುತ್ತದೆ, ಟ್ರಂಪೆಟ್ ಬಿಡುತ್ತದೆ, ಗಿಲಕಿಯೊಂದೇ ನಾಲ್ಕು ಮಾತ್ರೆ ಆಡಿ ಸುಮ್ಮನಾಗುತ್ತದೆ. ಮಾಸ್ಟ್ರು ಒಪ್ಪಿದ್ದಾರೆ.

ನಿಮ್ಮ ಮನೆಯ ಅಟ್ಟದ ಮೇಲೆ ಆ ಹಳೆಯ ಪೆಟ್ಟಿಗೆ, ಹಳದಿ ಕ್ಯಾಸೆಟ್ಟು ಇನ್ನೂ ಇದ್ದರೆ ಗುಜರಿಗೆ ಹಾಕುವ ಮೊದಲು ಒಂದು ಸಲ ಟಿವಿಗೆ ಸಿಕ್ಕಿಸಿ. ಆಟ ಆಡಬೇಡಿ. ಮಾರಿಯೋನನ್ನು ಶುರುವಿನ ಜಾಗದಲ್ಲೇ ನಿಲ್ಲಿಸಿ, ನಾಲ್ಕು ದನಿಯನ್ನೂ ಬೇರೆ ಬೇರೆಯಾಗಿ ಹಿಡಿಯಲು ಆಗುತ್ತದೆಯೇ ಎಂದು ಕೇಳುತ್ತಾ ಕೂರಿ. ಮೇಲಿನ ಗಡಿಯಾರ 400ರಿಂದ ಇಳಿಯುತ್ತಾ ಬರುತ್ತದೆ. 100 ಆದಾಗ ಹಾಡು ಇದ್ದಕ್ಕಿದ್ದಂತೆ ಓಟ ಕೀಳುತ್ತದೆ. ಅದನ್ನೂ ಕೇಳಿ.